ಐದು ಕಡ್ಡಿ, ಒಂದು ಕುಲಾವಿ

ಎಲ್ಲ ಶುರುವಾಗಿದ್ದು ಪಾಪುವಿನ ತಲೆಯ ಹಿಂದೆ ಕಂಡ ಒಂದು ಕೆಂಪು ಗೆರೆಯಿಂದ.

ತಂಗಿ ಬಾಣಂತನಕ್ಕೆ ಸಕಲೇಶಪುರಕ್ಕೆ, ಅಮ್ಮನ ಮನೆಗೆ ಬಂದಿದ್ದಳು. ಜುಲೈ ತಿಂಗಳು. ಆ ಕಡೆಯ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಉಪ್ಪಿನ ಡಬ್ಬಿ ತೆಗೆದರೆ ಒಳಗೆ ನೀರು. ಪಾಪುವಿಗೆ ಹಗಲೂ ರಾತ್ರಿ ಕುಲಾವಿ ಬೇಕೇ ಬೇಕು. ಅಮ್ಮ ಏಳನೇ ತಿಂಗಳಿಂದಲೇ ಕೂತು ನಾಲ್ಕು ಕುಲಾವಿ ಹೆಣೆದಿಟ್ಟಿದ್ದಳು. ನಾಲ್ಕೂ ಎರಡು ಕಡ್ಡಿಯಲ್ಲಿ ಪಟ್ಟಿಯ ಹಾಗೆ ಹೆಣೆದು, ಆಮೇಲೆ ಮಡಚಿ, ಹಿಂದೆ ಸೂಜಿಯಲ್ಲಿ ಸೇರಿಸಿದ್ದು. ಸೇರಿಸಿದ ಕಡೆ ಸ್ವಲ್ಪ ದಪ್ಪ. ದೊಡ್ಡವರ ಸ್ವೆಟರಿಗಾದರೆ ಯಾರಿಗೂ ಗೊತ್ತಾಗದು. ಪಾಪು ದಿನಕ್ಕೆ ಹದಿನಾರು ಗಂಟೆ ಅಂಗಾತ ಮಲಗಿರುತ್ತೆ, ಆ ದಪ್ಪದ ಮೇಲೇ ತಲೆಯ ಭಾರ ಬೀಳುತ್ತೆ. ಎಣ್ಣೆ ಹಚ್ಚುವಾಗ ತಂಗಿ ಕರೆದು ತೋರಿಸಿದಳು. "ಅಕ್ಕಾ, ನೋಡು ಇಲ್ಲಿ." ನೆತ್ತಿಯಿಂದ ಕತ್ತಿನವರೆಗೆ ಸೀದಾ ಒಂದು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ.

ಅಮ್ಮನಿಗೆ ಬೇಜಾರಾಯಿತು. ಹೇಳಲಿಲ್ಲ, ಆದರೆ ಮಧ್ಯಾಹ್ನ ಊಟ ಆದಮೇಲೆ ನಾಲ್ಕನ್ನೂ ಒಳಗಿಟ್ಟು ಹಳೇ ಹತ್ತಿ ಬಟ್ಟೆಯ ಕುಲಾವಿ ತೆಗೆದಳು. ನಾನು ಸುಮ್ನೆ ಇರಬೇಕಿತ್ತು. "ಹೊಲಿಗೆಯೇ ಇಲ್ಲದ ಹಾಗೆ ಸುತ್ತಲೂ ಹೆಣೆಯೋಕೆ ಆಗುತ್ತೆ ಕಣಮ್ಮ, ನಾನು ಮಾಡಿಕೊಡ್ತೀನಿ" ಅಂದುಬಿಟ್ಟೆ.

ಆಗ ನನಗೆ ಬರುತ್ತಿದ್ದದ್ದು ಇಷ್ಟು: ಅಮ್ಮ ಹೇಳಿಕೊಟ್ಟ ಸೀದಾ ಸಾಲು (ನಮ್ಮ ಎದುರಿಗೆ ನುಣ್ಣಗೆ ಬರುವುದು), ಉಲ್ಟಾ ಸಾಲು (ಎದುರಿಗೆ ಗುಬುಟಾಗಿ ಬರುವುದು), ಮೂರು ಮಫ್ಲರ್, ತೋಳು ಒಂದು ಉದ್ದ ಒಂದು ಗಿಡ್ಡ ಆದ ಒಂದು ಸ್ವೆಟರ್.

ಬೆಂಗಳೂರಿಗೆ ವಾಪಸ್ ಬಂದವಳೇ ಪೇಟೆಯ ಒಂದು ಉಲ್ಲನ್ ಅಂಗಡಿಗೆ ಹೋದೆ. ಸರ್ಕ್ಯುಲರ್ ಕಡ್ಡಿ ಅಂದರೆ ಎರಡು ಗಿಡ್ಡ ಕಡ್ಡಿಗಳನ್ನು ಒಂದು ಪ್ಲಾಸ್ಟಿಕ್ ವೈರ್ ಸೇರಿಸಿರುತ್ತದೆ, ಅಷ್ಟೇ. 60 ಸೆಂ.ಮೀ. ಇತ್ತು, 80 ಇತ್ತು. ದೊಡ್ಡದು ತಗೊಂಡರೆ ಎಲ್ಲಕ್ಕೂ ಆಗುತ್ತೆ ಅಂತ 80 ತಗೊಂಡೆ. ಚಪ್ಪಲಿ, ಪ್ರೆಶರ್ ಕುಕ್ಕರ್ ತಗೊಳ್ಳುವಾಗ ನಾವು ಹಾಕುವ ಲೆಕ್ಕ ಇಲ್ಲಿ ನಡೆಯಲ್ಲ ಅಂತ ಆಗ ಗೊತ್ತಿರಲಿಲ್ಲ.

ನಂಬರಿನದ್ದು ಇನ್ನೊಂದು ಕಥೆ. ನನ್ನ ಹತ್ತಿರ ಇದ್ದ ಮಾದರಿ, ಅಂದರೆ ಹೇಗೆ ಹೆಣೆಯಬೇಕು ಅಂತ ಬರೆದದ್ದು, ಅಮೆರಿಕದ್ದು. 8 ನಂಬರ್ ಕಡ್ಡಿ ಅಂತ ಬರೆದಿತ್ತು. ಅಂಗಡಿಯ ಯಜಮಾನರಿಗೆ "8 ನಂಬರ್ ಕೊಡಿ" ಅಂದೆ, ಕೊಟ್ಟರು. ನಮ್ಮಲ್ಲಿ ಹಳಬರು ಇನ್ನೂ ಬ್ರಿಟಿಷರ ಕಾಲದ ನಂಬರೇ ಹೇಳುವುದು, ಅದರಲ್ಲಿ 8 ಅಂದರೆ 4 ಮಿ.ಮೀ. ದಪ್ಪ. ಅಮೆರಿಕದ 8 ಅಂದರೆ 5 ಮಿ.ಮೀ. ಅದೂ ಸಾಲದು ಅಂತ ಎರಡೂ ಎದುರುಬದುರು ಓಡುತ್ತವೆ. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, 12 ಅಂದರೆ 2.75 ಮಿ.ಮೀ.; ಅಮೆರಿಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ದಪ್ಪ. ಅವತ್ತಿನಿಂದ ನಾನು ನಂಬರ್ ಹೇಳುವುದನ್ನೇ ಬಿಟ್ಟಿದ್ದೇನೆ. ಮಿ.ಮೀ. ಕೇಳಿ, ಜಗಳವೇ ಇಲ್ಲ. ನನ್ನ ಪುಣ್ಯಕ್ಕೆ ಮನೆಯಲ್ಲಿದ್ದ ಉಲ್ಲನ್ನಿಗೆ 4 ಮಿ.ಮೀ. ಸರಿಯಾಗಿಯೇ ಇತ್ತು. ಹಾಗಾಗಿ ಮಾದರಿಯನ್ನೇ ಪಕ್ಕಕ್ಕಿಟ್ಟೆ.

ಲೆಕ್ಕ ನಾನೇ ಹಾಕಿದೆ. 10 ಸೆಂ.ಮೀ. ಅಗಲಕ್ಕೆ ನನ್ನ ಕೈಯಲ್ಲಿ 22 ಕುಣಿಕೆ (ಕಡ್ಡಿಯ ಮೇಲೆ ಕೂರುವ ದಾರದ ಒಂದೊಂದು ಸುತ್ತು) ಬರುತ್ತಿತ್ತು. ಪಾಪುವಿನ ತಲೆ ಸುತ್ತಳತೆ ಆಗ 37 ಸೆಂ.ಮೀ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದಂತೆ. ಹಾಗಾಗಿ 40ಕ್ಕೆ ಅಂತ ಇಟ್ಟುಕೊಂಡೆ. ಟೋಪಿ ತಲೆಗಿಂತ ಸ್ವಲ್ಪ ಚಿಕ್ಕದಿರಬೇಕು, ಹಿಗ್ಗಿ ಕೂರುತ್ತೆ, ಇಲ್ಲದಿದ್ದರೆ ಕಣ್ಣ ಮೇಲೆ ಜಾರುತ್ತೆ. 36 ಸೆಂ.ಮೀ. ಸಾಕು. 36ಕ್ಕೆ 79 ಚಿಲ್ಲರೆ ಕುಣಿಕೆ, ಹಿಡಿ 80. ನಾಲ್ಕರಿಂದಲೂ ಎಂಟರಿಂದಲೂ ಭಾಗ ಹೋಗುವ ಸಂಖ್ಯೆ, ಮುಂದೆ ಉಪಯೋಗಕ್ಕೆ ಬರುತ್ತೆ.

80 ಕುಣಿಕೆ ಏರಿಸಿದೆ. ಈಗ ಕೊನೆಯ ಕುಣಿಕೆಯನ್ನೂ ಮೊದಲ ಕುಣಿಕೆಯನ್ನೂ ಸೇರಿಸಿದರೆ ಬಳೆ ಆಗಬೇಕು. ಸೇರಲಿಲ್ಲ. ಎಷ್ಟು ಎಳೆದರೂ ಸೇರಲಿಲ್ಲ. ಕಡ್ಡಿ ತುದಿಯಿಂದ ತುದಿಗೆ 80 ಸೆಂ.ಮೀ., ನನ್ನ ಹೆಣಿಗೆ 36. ಹೇಗೆ ಸೇರುತ್ತೆ? ಮಾಮೂಲಿಯಾಗಿ ಸುತ್ತ ಹೆಣೆಯಬೇಕಾದರೆ ಕಡ್ಡಿಯ ಉದ್ದ ಬಟ್ಟೆಯ ಸುತ್ತಳತೆಗಿಂತ ಕಡಿಮೆ ಇರಬೇಕು. ದೊಡ್ಡವರ ಟೋಪಿಗೆ 40 ಸೆಂ.ಮೀ. ಕಡ್ಡಿ, ಸ್ವೆಟರಿನ ಮೈಗೆ 80. ಪಾಪುವಿನ ಕುಲಾವಿಗೆ 40 ಕೂಡ ಉದ್ದವೇ. ಇದನ್ನೆಲ್ಲ ಓದಿ ತಿಳಿದದ್ದು ರಾತ್ರಿ ಹನ್ನೊಂದು ಗಂಟೆಗೆ, 80 ಕುಣಿಕೆ ಏರಿಸಿ ಆದಮೇಲೆ. ಆ ಕಡ್ಡಿಯನ್ನು ಡ್ರಾಯರಿಗೆ ಎಸೆದೆ.

ಹಾಗಾದರೆ ಉಳಿದ ದಾರಿ ಎರಡೂ ತುದಿ ಚೂಪಾಗಿರುವ ಗಿಡ್ಡ ಕಡ್ಡಿಗಳು. ಐದರ ಸೆಟ್. ನಾಲ್ಕು ಕಡ್ಡಿಯ ಮೇಲೆ ಇಪ್ಪತ್ತಿಪ್ಪತ್ತು ಕುಣಿಕೆ ಹಂಚಿ, ಐದನೆಯದರಲ್ಲಿ ಹೆಣೆಯುತ್ತಾ ಹೋಗುವುದು. ಒಂದು ಕಡ್ಡಿ ಖಾಲಿಯಾಯಿತು ಅಂದರೆ ಅದೇ ಮುಂದಿನ ಕೆಲಸದ ಕಡ್ಡಿ.

ನಾನು ಇದಕ್ಕೆ ಹೆದರಿ ಎಷ್ಟು ವರ್ಷ ಹತ್ತಿರ ಹೋಗಿರಲಿಲ್ಲವೋ. ಐದು ಕಡ್ಡಿ ಐದು ದಿಕ್ಕಿಗೆ ಚಾಚಿಕೊಂಡಿರುವ ಫೋಟೋ ನೋಡಿದರೆ ಯಾರಿಗಾದರೂ ಇದಕ್ಕೆ ಮೂರನೇ ಕೈ ಬೇಕು ಅನ್ನಿಸುತ್ತೆ. ಆದರೆ ಕೈಯಲ್ಲಿ ಹಿಡಿದ ಮೇಲೆ ತಿಳಿಯಿತು, ಯಾವ ಹೊತ್ತಿನಲ್ಲೂ ಕೆಲಸ ಮಾಡುವುದು ಎರಡೇ ಕಡ್ಡಿ. ಉಳಿದ ಮೂರು ಸುಮ್ನೆ ತಮ್ಮ ಕುಣಿಕೆ ಹಿಡಿದುಕೊಂಡು ನೇತಾಡುತ್ತಿರುತ್ತವೆ. ಮದುವೆ ಮನೆಯಲ್ಲಿ ಹೆಗಲ ಮೇಲೆ ಟವಲ್ ಹಾಕಿಕೊಂಡು ಹತ್ತು ಜನ ಓಡಾಡುತ್ತಿದ್ದರೂ ನಿಮ್ಮ ಎಲೆಗೆ ಬಡಿಸುವವರು ಇಬ್ಬರೇ ಇರ್ತಾರಲ್ಲ, ಹಾಗೆ. ಆ ಇಬ್ಬರನ್ನು ನೋಡಿ, ಬಾಕಿಯವರನ್ನು ಮರೆತುಬಿಡಿ. ಇದೊಂದು ಮಾತು ನನಗೆ ಯಾರಾದರೂ ಹತ್ತು ವರ್ಷ ಮುಂಚೆ ಹೇಳಿದ್ದರೆ ಎಷ್ಟೋ ಸಾಕ್ಸ್ ಹೆಣೆದಿರುತ್ತಿದ್ದೆ.

ಒಂದೇ ಒಂದು ಎಚ್ಚರಿಕೆ. ಮೊದಲ ಸಲಕ್ಕೆ ಸ್ಟೀಲ್ ಕಡ್ಡಿ ಬೇಡ. ನಾನು ತಗೊಂಡದ್ದು ಸ್ಟೀಲು. ಸಕಲೇಶಪುರಕ್ಕೆ ಹೋಗುವ ಹಗಲು ರೈಲಿನಲ್ಲಿ ಕೂತು ಹೆಣೆಯುತ್ತಿದ್ದೆ. ಹಾಸನ ದಾಟಿದ ಮೇಲೆ ಗಾಡಿ ಒಂದು ಸಲ ಜಗ್ಗಿತು, ಇಪ್ಪತ್ತು ಕುಣಿಕೆಯ ಒಳಗಿಂದ ಕಡ್ಡಿ ನುಣ್ಣಗೆ ಜಾರಿ ಟಣ್ ಅಂತ ಬಿದ್ದು ಉರುಳಿಕೊಂಡು ಎದುರು ಸೀಟಿನ ಕೆಳಗೆ ಹೋಯಿತು. ಅಲ್ಲಿ ಕೂತಿದ್ದ ಅಜ್ಜ ಒಬ್ಬರು ಕಾಲೆತ್ತಿ, ಬಗ್ಗಿ ಹುಡುಕಿ ಕೊಟ್ಟರು. "ಛತ್ರಿ ಕಡ್ಡಿ ಏನಮ್ಮಾ?" ಅಂದರು. ಆಮೇಲೆ ಬಿದಿರಿನ ಸೆಟ್ ತಗೊಂಡೆ. ಬಿದಿರು ಉಲ್ಲನ್ನನ್ನು ಸ್ವಲ್ಪ ಹಿಡಿದುಕೊಳ್ಳುತ್ತೆ, ಕಲಿಯುವವರಿಗೆ ಅದೇ ಬೇಕು. ಕಡ್ಡಿ ಜಾರಿದರೂ ಗಾಬರಿ ಬೇಡ. ನಿಂತ ಕುಣಿಕೆಗಳು ಒಂದೆರಡು ನಿಮಿಷ ಹಾಗೇ ಬಾಯಿ ತೆರೆದುಕೊಂಡು ಕಾಯುತ್ತವೆ, ಎಳೆಯದಿದ್ದರೆ ಬಿಚ್ಚಿಹೋಗುವುದಿಲ್ಲ.

ಆದರೆ ಆ ಕುಲಾವಿ ರೈಲಿನಲ್ಲಿ ಕೆಟ್ಟದ್ದಲ್ಲ. ಅದು ಮೊದಲ ಸುತ್ತಿನಲ್ಲೇ ಕೆಟ್ಟಿತ್ತು, ನನಗೆ ಗೊತ್ತಾಗಿರಲಿಲ್ಲ.

ಲಂಗಕ್ಕೆ ಲಾಡಿ ಪೋಣಿಸಿದ್ದೀರಲ್ಲ, ಪಿನ್ನು ಹಾಕಿ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ತೆಗೆಯುವುದು? ಒಳಗೆ ಎಲ್ಲೋ ಲಾಡಿ ಒಂದು ಸುತ್ತು ತಿರುಚಿಕೊಂಡಿರುತ್ತೆ, ಹೊರಗಿನಿಂದ ಕಾಣುವುದಿಲ್ಲ, ಗಂಟು ಹಾಕಿದ ಮೇಲೆ ಸೊಂಟಕ್ಕೆ ಒತ್ತುತ್ತೆ. ಅದೇ ಇಲ್ಲೂ ಆಗುವುದು. ಏರಿಸಿದ ಕುಣಿಕೆಗಳ ಸಾಲು ಕಡ್ಡಿಯ ಸುತ್ತ ಒಂದು ಕಡೆ ತಿರುಚಿಕೊಂಡಿರುತ್ತೆ, ನಾವು ನೋಡದೆ ಬಳೆ ಸೇರಿಸಿಬಿಡುತ್ತೇವೆ. ಆಮೇಲೆ ಎಷ್ಟು ಹೆಣೆದರೂ ಅದು ಸರಿಹೋಗಲ್ಲ. ಕೊಳವೆಯ ಬದಲು ಬೆನ್ನು ಮುರಿದ ಹಾವಿನಂಥದ್ದೇನೋ ಬರುತ್ತೆ. ನಾನು 14 ಸುತ್ತು ಹೆಣೆದಿದ್ದೆ, ಅಂದರೆ 1120 ಕುಣಿಕೆ. ಅಮ್ಮನ ಮನೆಯ ಮೇಜಿನ ಮೇಲೆ ಹರಡಿ ನೋಡಿದಾಗ ಕಂಡಿತು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ತಿರುಗಿಸಿ ನೋಡಿ, "ಇದರಲ್ಲಿ ತಲೆ ಎಲ್ಲಿ ಹಾಕ್ಬೇಕೇ?" ಅಂದಳು. ತಂಗಿ ನಕ್ಕಿದ್ದಕ್ಕೆ ಪಾಪು ಎಚ್ಚರ ಆಯಿತು.

ಪೂರ್ತಿ ಬಿಚ್ಚಿದೆ. ಬೇರೆ ದಾರಿ ಇಲ್ಲ. ಮೊದಲ ಸುತ್ತಿನಲ್ಲೇ ಗೊತ್ತಾಗಿದ್ದರೆ ಸೇರಿಸಿದ ಸಂದಿಯ ಹತ್ತಿರ ಹಿಂದಕ್ಕೆ ತಿರುಗಿಸಿ ಹೇಗೋ ಸರಿಮಾಡಬಹುದು, ಹದಿನಾಲ್ಕು ಸುತ್ತು ಆದಮೇಲೆ ಇಲ್ಲ.

ಎರಡನೇ ಸಲ ಒಂದು ಉಪಾಯ ಮಾಡಿದೆ, ಈಗಲೂ ಹಾಗೇ ಮಾಡುವುದು. ಏರಿಸಿದ ತಕ್ಷಣ ಸೇರಿಸಬೇಡಿ. ಮೊದಲ ಎರಡು ಸಾಲು ಎರಡು ಕಡ್ಡಿಯಲ್ಲಿ ಹೆಣೆಯುವ ಹಾಗೆಯೇ ಹೋಗಿ ಬಂದು ಹೆಣೆಯಿರಿ. ಆಗ ಒಂದು ಸಣ್ಣ ಪಟ್ಟಿ ಆಗಿರುತ್ತೆ, ತಿರುಚಿಕೊಂಡಿದ್ದರೆ ಕಣ್ಣಿಗೆ ಹೊಡೆದು ಕಾಣುತ್ತೆ. ಆಮೇಲೆ ನಾಲ್ಕು ಕಡ್ಡಿಗೆ ಹಂಚಿ, ಮೇಜಿನ ಮೇಲೆ ಚೌಕವಾಗಿ ಇಟ್ಟು, ಅಂಚೆಲ್ಲ ಒಳಮುಖ ಇದೆಯಾ ಅಂತ ನೋಡಿ ಸೇರಿಸಿ. ಬುಡದಲ್ಲಿ ಉಳಿಯುವ ಚಿಕ್ಕ ಸೀಳನ್ನು ಕೊನೆಗೆ ಉಳಿದ ದಾರದ ಬಾಲದಲ್ಲೇ ಎರಡು ಸಲ ಪೋಣಿಸಿ ಮುಚ್ಚಿದರಾಯಿತು. ಹೊಲಿಗೆಯೇ ಇಲ್ಲ ಅಂತ ಜಂಬ ಕೊಚ್ಚಿಕೊಂಡವಳು ಅರ್ಧ ಸೆಂ.ಮೀ. ಹೊಲಿಯುವುದು ಸರಿಯಾ ಅಂತ ಕೇಳಬೇಡಿ. ಅದು ಹಣೆಯ ಅಂಚಿನಲ್ಲಿ ಬರುತ್ತೆ, ಒತ್ತುವುದಿಲ್ಲ.

ಅಂಚಿಗೆ ಎರಡು ಸೀದಾ ಎರಡು ಉಲ್ಟಾ, ಅದಾದ ಮೇಲೆ ಬರೀ ಸೀದಾ. ಸುತ್ತ ಹೆಣೆಯುವುದರ ಸುಖ ಇರುವುದೇ ಇಲ್ಲಿ. ಎರಡು ಕಡ್ಡಿಯಲ್ಲಿ ಪ್ರತಿ ಸಾಲಿನ ಕೊನೆಗೂ ತಿರುಗಿಸಬೇಕು, ಹಿಂಬದಿಯಿಂದ ಉಲ್ಟಾ ಸಾಲು ಹಾಕಬೇಕು. ಸುತ್ತ ಹೆಣೆಯುವಾಗ ಮುಂಭಾಗವೇ ಯಾವಾಗಲೂ ನಮ್ಮ ಎದುರಿಗೆ. ತಿರುಗಿಸುವುದೇ ಇಲ್ಲ. ಅಮ್ಮ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ನೋಡುತ್ತಿದ್ದಳು. "ಉಲ್ಟಾ ಸಾಲು ಯಾವಾಗ ಬರುತ್ತೆ?" "ಬರಲ್ಲಮ್ಮ." "ಅಂದ್ರೆ?" "ಅಂದ್ರೆ ಇಲ್ಲ, ಬರೀ ಸೀದಾ." ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ನಾನು ಇಷ್ಟು ವರ್ಷ ಮಾಡಿದ್ದರಲ್ಲಿ ಅರ್ಧ ಸುಮ್ನೆ ಮಾಡಿದ್ದಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಗಮನಿಸಿದೆ. ಅಮ್ಮನ ಕೈ ಸೀದಾ ಹಾಕುವಾಗ ಬಿಗಿ, ಉಲ್ಟಾ ಹಾಕುವಾಗ ಸಡಿಲ. ತುಂಬಾ ಜನರಿಗೆ ಹೀಗೇ. ಅದಕ್ಕೇ ಎರಡು ಕಡ್ಡಿಯ ಹೆಣಿಗೆಯ ಮೇಲೆ ಸಾಲುಸಾಲು ಅಲೆಯಂಥ ಗೆರೆ ಬೀಳುವುದು. ಸುತ್ತ ಹೆಣೆದರೆ ಆ ಗೆರೆ ಮಾಯ. ಆದರೆ ಬಟ್ಟೆ ಸ್ವಲ್ಪ ಬಿಗಿಯಾಗಿ ಬರುತ್ತೆ, ಹಾಗಾಗಿ ಚಪ್ಪಟೆ ಹೆಣೆದ ತುಂಡು ಅಳೆದು ಟೋಪಿಗೆ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ನನಗೂ ಒಂದು ಸೆಂ.ಮೀ. ಚಿಕ್ಕದೇ ಬಂತು.

ಅರ್ಧ ಆದಮೇಲೆ ಮತ್ತೊಂದು ಗಾಬರಿ. ನುಣ್ಣನೆಯ ಮುಖ ಒಳಗಿದೆ, ಗುಬುಟು ಗುಬುಟಾದ ಹಿಂಬದಿ ಹೊರಗಿದೆ! ಎಲ್ಲ ಸೀದಾ ಹಾಕಿದರೂ ಹೇಗೆ ಉಲ್ಟಾ ಆಯಿತು? ಕಾರಣ ನಗು ಬರುವಂಥದ್ದು. ಕೆಲಸ ಮಾಡುವ ಎರಡು ಕಡ್ಡಿ ನಮ್ಮ ಮೈ ಕಡೆಗೆ ಇರಬೇಕು, ಉಳಿದವು ಆಚೆ. ನಾನು ಬಾವಿಯ ಆಚೆ ದಡದಲ್ಲಿ ನೀರು ಸೇದುವವಳ ಹಾಗೆ ಆ ಕಡೆ ಅಂಚಿನಲ್ಲಿ ಹೆಣೆಯುತ್ತಿದ್ದೆ. ಬಿಚ್ಚಬೇಕಾಗಿಲ್ಲ, ದಿಂಬಿನ ಕವರ್ ಮಗುಚುವ ಹಾಗೆ ಮಗುಚಿದರೆ ಸಾಕು.

ಬಿಚ್ಚದೆ ಸುಲಭಕ್ಕೆ ಸರಿಹೋಗದ ತಪ್ಪು ಇನ್ನೊಂದಿದೆ, ಏಣಿ. ಒಂದು ಕಡ್ಡಿ ಮುಗಿದು ಇನ್ನೊಂದು ಶುರುವಾಗುವ ಕಡೆ ದಾರ ಸಡಿಲವಾಗಿ, ಕೆಳಗಿನಿಂದ ಮೇಲೆ ಸಣ್ಣ ಏಣಿಯಂಥ ಸಂದಿ ಬೀಳುತ್ತೆ. ನಾಲ್ಕು ಮೂಲೆಗೆ ನಾಲ್ಕು ಏಣಿ. ಹೊಸ ಕಡ್ಡಿಯ ಮೊದಲ ಕುಣಿಕೆಯನ್ನು ಜಗ್ಗಿ ಎಳೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಆಗಿಬರಲಿಲ್ಲ. ಎರಡನೇ ಕುಣಿಕೆ ಹಾಕಿದ ಮೇಲೆ ಎಳೆದರೆ ಮೊದಲನೆಯದೂ ಬಿಗಿಯಾಗಿ ಕೂರುತ್ತೆ. ಇನ್ನೂ ಸುಲಭದ್ದು ಅಂದರೆ, ಪ್ರತಿ ಸುತ್ತಿನಲ್ಲೂ ಮುಂದಿನ ಕಡ್ಡಿಯಿಂದ ಎರಡು ಕುಣಿಕೆ ಜಾಸ್ತಿ ಹೆಣೆದು ಸೇರಿಸಿಕೊಂಡು ಹೋಗುವುದು. ಮೂಲೆ ಜಾಗ ಬದಲಿಸುತ್ತಾ ಇರುತ್ತೆ, ಏಣಿಗೆ ನಿಲ್ಲಲು ನೆಲ ಸಿಗಲ್ಲ. ಹೀಗೆ ಮಾಡುವಾಗ ಸುತ್ತಿನ ಆರಂಭಕ್ಕೆ ಒಂದು ಗುರುತು ಬೇಕೇ ಬೇಕು. ಮಾರ್ಕರ್ ಅಂತ ಮಾರುತ್ತಾರೆ. ನಾನು ತಂಗಿಯ ಸೇಫ್ಟಿ ಪಿನ್ ಹಾಕಿದ್ದೆ.

ನೆತ್ತಿ ಇಳಿಸುವುದು ನನಗೆ ತುಂಬಾ ಇಷ್ಟವಾದ ಭಾಗ. 80 ಕುಣಿಕೆಯನ್ನು ಎಂಟು ಪಾಲು ಮಾಡಿದರೆ ಪಾಲಿಗೆ ಹತ್ತು, ಒಂದೊಂದು ಕಡ್ಡಿಯ ಮೇಲೆ ಎರಡೆರಡು ಪಾಲು (ಮೂಲೆಗಳನ್ನು ಮತ್ತೆ ಸಮ ಮಾಡಿಕೊಳ್ಳಿ). ಪ್ರತಿ ಪಾಲಿನ ಕೊನೆಯ ಎರಡು ಕುಣಿಕೆ ಸೇರಿಸಿ ಒಂದು ಮಾಡಿ. 72 ಉಳಿಯಿತು. ಒಂದು ಸುತ್ತು ಖಾಲಿ ಹೆಣೆಯಿರಿ. ಮತ್ತೆ ಎಂಟು ಕಡಿಮೆ, 64. ಹೀಗೇ ಇಳಿಸುತ್ತಾ ಬಂದರೆ ಕಡೆಗೆ ಎಂಟೇ ಕುಣಿಕೆ. ಮೇಲಿನಿಂದ ನೋಡಿದರೆ ಎಂಟು ಗೆರೆ ಒಂದೇ ಕಡೆಗೆ ವಾಲಿಕೊಂಡು ನಡುವಿಗೆ ಬಂದು ಸೇರಿರುತ್ತವೆ, ಜಾತ್ರೆಯ ಗಿರಗಿಟ್ಲೆ ಹಾಗೆ. ದಾರ ಕತ್ತರಿಸಿ, ದಪ್ಪ ಸೂಜಿಗೆ ಪೋಣಿಸಿ, ಎಂಟೂ ಕುಣಿಕೆಯ ಒಳಗೆ ತೂರಿಸಿ ಎಳೆದರೆ ಚೀಲದ ಬಾಯಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತೆ. ಆ ಎಳೆಯುವ ಕ್ಷಣಕ್ಕೋಸ್ಕರ ಇನ್ನೂ ಹತ್ತು ಕುಲಾವಿ ಹೆಣೆಯಬಹುದು ಅನ್ನಿಸಿತು.

ಕೊನೆಕೊನೆಗೆ, 24 ಕುಣಿಕೆ ಇರುವಾಗ, ಐದು ಕಡ್ಡಿ ಒಂದು ಮುಷ್ಟಿಯಷ್ಟು ಜಾಗದಲ್ಲಿ ಸುತ್ತಲೂ ಚಾಚಿಕೊಂಡಿದ್ದವು. ಅಮ್ಮ ಕಾಫಿ ಲೋಟ ಇಡೋಕೆ ಬಂದವಳು ನಿಂತು, "ಏನೇ, ಮುಳ್ಳುಹಂದಿ ಸಾಕ್ತಿದೀಯಾ?" ಅಂದಳು.

ಕುಲಾವಿಗೆ ಲಾಡಿ ಬೇಕಲ್ಲ. ಅದಕ್ಕೂ ಇದೇ ಕಡ್ಡಿ. ಮೂರು ಕುಣಿಕೆ ಹೆಣೆದು, ತಿರುಗಿಸದೆ, ಕಡ್ಡಿಯ ಈ ತುದಿಯಿಂದ ಆ ತುದಿಗೆ ಜಾರಿಸಿ ಮತ್ತೆ ಹೆಣೆಯುವುದು. ದಾರ ಹೆಣಿಗೆಯ ಹಿಂದಿನಿಂದ ಹಾದು ಬಂದು, ತಾನೇ ಸುರುಳಿಯಾಗಿ ದುಂಡಗಿನ ಹುರಿ ಆಗುತ್ತೆ. ಇದಕ್ಕೆ ಐ-ಕಾರ್ಡ್ (i-cord) ಅಂತ ಹೆಸರು, ಕಾರ್ಡ್ ಅಂದರೆ ಇಲ್ಲಿ ಹುರಿ. ಎಲಿಜಬೆತ್ ಜಿಮ್ಮರ್‌ಮನ್ ಎಂಬ ಹೆಣಿಗೆಯ ದೊಡ್ಡ ಮೇಡಂ ಇಟ್ಟದ್ದು, ಐ ಅಂದರೆ ಈಡಿಯಟ್. ದಡ್ಡರಿಗೂ ಬರುತ್ತೆ ಅಂತ. ನನಗೂ ಬಂತು. ಲಾಡಿ ಗಿಡ್ಡವೇ ಇರಲಿ, ಪಾಪುವಿನ ಕತ್ತಿನ ಹತ್ತಿರ ಉದ್ದ ದಾರ ಒಳ್ಳೆಯದಲ್ಲ.

ನಡುವೆ ಒಂದು ದಿನ ನೆಟ್ಟಲ್ಲಿ ಹುಡುಕುವಾಗ ಒಂದು ಹಳೇ ಚಿತ್ರ ಸಿಕ್ಕಿತು. ಜರ್ಮನಿಯ ಹ್ಯಾಂಬರ್ಗಿನ ಕಲಾ ಮ್ಯೂಸಿಯಮ್ಮಿನಲ್ಲಿದೆ. 1400ರ ಆಸುಪಾಸಿನದು, ಮಾಸ್ಟರ್ ಬರ್ಟ್ರಾಮ್ ಎಂಬ ಕಲಾವಿದನ ಹೆಸರಿನಲ್ಲಿದೆ. ಮೇರಿ ಮಾತೆ ಕೂತು ಮಗುವಿನ ಅಂಗಿ ಹೆಣೆಯುತ್ತಿದ್ದಾಳೆ, ಅಂಗಿಯ ಕತ್ತಿನ ಸುತ್ತ ನಾಲ್ಕು ಕಡ್ಡಿ. ಪಕ್ಕದಲ್ಲಿ ಬಾಲ ಯೇಸು ಪುಸ್ತಕ ಹಿಡಿದುಕೊಂಡಿದ್ದಾನೆ. ಬೈಬಲ್ಲಿನಲ್ಲಿ ಯೇಸುವಿನ ಅಂಗಿಗೆ ಹೊಲಿಗೆ ಇರಲಿಲ್ಲ ಅಂತ ಬರುತ್ತಲ್ಲ, ಆ ಅಂಗಿ. ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ದೊಡ್ಡದು ಮಾಡಿ ನೋಡಿ, "ಆರುನೂರು ವರ್ಷದಿಂದ ಇದೆಯಂತೆ, ನಮ್ಮ ಸ್ಕೂಲಿನ ಹೊಲಿಗೆ ಟೀಚರಿಗೆ ಮಾತ್ರ ಗೊತ್ತಿರಲಿಲ್ಲ" ಅಂದಳು. ಸ್ಕೂಲಿನಲ್ಲಿ ಅಮ್ಮನ ಜೊತೆಯವರಿಗೆಲ್ಲ ಮೊದಲು ತೆಂಗಿನ ಕಡ್ಡಿಯಲ್ಲಿ ಹೆಣೆಯಲು ಕಲಿಸಿದ್ದಂತೆ. ಅದು ಬಂದ ಮೇಲೇ ಕೈಗೆ ನಿಜವಾದ ಕಡ್ಡಿ.

ಕುಲಾವಿ ಮುಗಿಯಿತು. ಒಗೆದು, ಆಕಾರ ಬರಲಿ ಅಂತ ಒಂದು ಸ್ಟೀಲ್ ಚೊಂಬು ಬೋರಲು ಹಾಕಿ ಅದರ ಮೇಲೆ ಇಟ್ಟೆ. ಆ ಮಳೆಯಲ್ಲಿ ಒಣಗಲು ಎರಡು ದಿನ. ಬಾಣಂತಿ ಕೋಣೆಯ ಕೆಂಡದ ಹತ್ತಿರ ಇಡೋಣ ಅಂತ ತಂಗಿ ಹೊರಟಿದ್ದಳು, ಕಿರುಚಿ ತಡೆದೆ. ಅಂಗಡಿಯಲ್ಲಿ ನಾವು ಉಲ್ಲನ್ ಅಂತ ತರುವುದರಲ್ಲಿ ಜಾಸ್ತಿ ಅಕ್ರಿಲಿಕ್ಕೇ, ಅಂದರೆ ಒಂಥರಾ ಪ್ಲಾಸ್ಟಿಕ್. ಬಿಸಿ ತಗುಲಿದರೆ ಜೀವ ಹೋದ ಹಾಗೆ ಜೋಲುಬೀಳುತ್ತೆ, ಮತ್ತೆ ಏಳಲ್ಲ.

ಪಾಪುವಿಗೆ ಹಾಕಿದಾಗ ಸರಿಯಾಗಿ ಕೂತಿತು. ಮಾರನೇ ದಿನ ಎಣ್ಣೆ ಹಚ್ಚುವಾಗ ನೋಡಿದರೆ ಗೆರೆ ಇರಲಿಲ್ಲ. ಅಮ್ಮ ತಲೆಯ ಹಿಂದೆ ಬೆರಳಾಡಿಸಿ ನೋಡಿದಳು, ಕುಲಾವಿಯ ಒಳಗೂ ಬೆರಳಾಡಿಸಿ ನೋಡಿದಳು. ಏನೂ ಹೇಳಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕೇಳಿದಳು, "ಲೇ, ಇದರ ನೆತ್ತಿ ಮುಚ್ಚದೆ ಹಾಗೇ ಬಿಟ್ರೆ ಕೊಳವೆ ಥರ ಬರುತ್ತೆ ಅಲ್ವಾ?" ಬರುತ್ತೆ ಅಂದೆ. ಮಂಡಿಗೆ ಹಾಕಿಕೊಳ್ಳುವ ಪಟ್ಟಿ ಅಂಗಡಿಯಿಂದ ತಂದಿದ್ದಾಳೆ, ಅದರ ಹೊಲಿಗೆ ಮಂಡಿಯ ಹಿಂದೆ ಒತ್ತುತ್ತೆ, ನವೆಯಾಗುತ್ತೆ. ಒಂದು ವರ್ಷದಿಂದ ಹೀಗೆ ಅಂತೆ, ನಮಗ್ಯಾರಿಗೂ ಹೇಳಿರಲಿಲ್ಲ.

ಟೇಪ್ ಹಿಡಿದು ಅಳೆದೆ, 37 ಸೆಂ.ಮೀ. ಪಾಪುವಿನ ತಲೆ ಇದ್ದಷ್ಟೇ.

ಇದಕ್ಕೆ ಡ್ರಾಯರಿನಲ್ಲಿ ಬಿದ್ದಿದ್ದ 80 ಸೆಂ.ಮೀ. ಕಡ್ಡಿಯನ್ನು ಹೊರಗೆ ತೆಗೆದೆ. ಮ್ಯಾಜಿಕ್ ಲೂಪ್ ಅಂತ ಒಂದು ವಿಧಾನ ಇದೆ, ಸಾರಾ ಹೌಶ್ಕಾ ಎಂಬಾಕೆ ಕಂಡುಕೊಂಡದ್ದು, 2002ರಲ್ಲಿ ಒಂದು ಪುಟ್ಟ ಪುಸ್ತಕವಾಗಿ ಬಂದ ಮೇಲೆ ಎಲ್ಲ ಕಡೆ ಹರಡಿತು. ಕುಣಿಕೆಗಳನ್ನು ಅರ್ಧರ್ಧ ಮಾಡಿ, ನಡುವಿನಿಂದ ವೈರನ್ನು ಕಿವಿಯ ಹಾಗೆ ಹೊರಗೆ ಎಳೆದುಬಿಡುವುದು. ಮುಂದಿನ ಅರ್ಧ ಹೆಣೆದು, ತಿರುಗಿಸಿ, ವೈರ್ ಎಳೆದು, ಹಿಂದಿನ ಅರ್ಧ ಹೆಣೆಯುವುದು. ಉದ್ದ ಕಡ್ಡಿಯಲ್ಲಿ ಎಷ್ಟು ಚಿಕ್ಕ ಕೊಳವೆ ಬೇಕಾದರೂ ಬರುತ್ತೆ, ಬೀಳುವ ಕಡ್ಡಿ ಇಲ್ಲ, ಏಣಿ ನಾಲ್ಕರ ಬದಲು ಎರಡೇ. ವೈರ್ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಕಾಟ ಕೊಟ್ಟರೆ ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ. ನಿಧಾನ ಅನ್ನಿಸುತ್ತೆ, ಎಳೆಯೋದರಲ್ಲೇ ಹೊತ್ತು ಹೋಗುತ್ತೆ. ಮನೆಯಲ್ಲಿ ಕೂತು ಹೆಣೆಯುವಾಗ ನನಗೆ ಈಗಲೂ ಐದು ಕಡ್ಡಿಯೇ ಸರಿ. ರೈಲಿಗೆ ಇದು.

ಅಮ್ಮನ ಮಂಡಿಗೆ 72 ಕುಣಿಕೆ, ಎರಡು ಸೀದಾ ಎರಡು ಉಲ್ಟಾ, ಉದ್ದ 22 ಸೆಂ.ಮೀ. ಎಡಗಾಲಿನದು ಎರಡು ವಾರದಲ್ಲಿ ಮುಗಿಯಿತು, ಕಳಿಸಿದೆ. ಒಂದು ಮುಗಿಸಿದ ಮೇಲೆ ಅದೇ ಇನ್ನೊಂದು ಮಾಡುವಷ್ಟು ಬೇಜಾರಿನ ಕೆಲಸ ಲೋಕದಲ್ಲಿ ಮತ್ತೊಂದಿಲ್ಲ. ಬಲಗಾಲಿನದು ಹದಿನೆಂಟು ಸುತ್ತಿಗೆ ನಿಂತಿದೆ. ಅಮ್ಮ ಭಾನುವಾರ ಫೋನ್ ಮಾಡಿ ಮಳೆ, ಪಾಪು, ಕಾಫಿ ರೇಟು ಎಲ್ಲ ಹೇಳಿ, ಇಡುವ ಮುಂಚೆ, "ಬಲಗಾಲು ಕೇಳ್ತಿದೆ ಕಣೆ" ಅಂದಳು.